ಹಳೆಯ ಫ್ಲಾಪಿ ಕೈಗೆ ಬಂದರೆ ಮೊದಲು ಇಮೇಜ್, ಆಮೇಲೆ ಫೈಲ್

ಕನ್ನಡ ಪ್ರಕಾಶಕರ ಹಳೆಯ ಡಿಟಿಪಿ ಫೈಲ್‌ಗಳನ್ನು ಫ್ಲಾಪಿಗಳಿಂದ ತೆಗೆದು ಉಳಿಸುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತೇನೆ: ಫ್ಲಾಪಿ ಹಾಕಿದ ಕೂಡಲೇ ಒಳಗೇನಿದೆ ಎಂದು ತೆರೆದು ನೋಡಲು ಹೋಗಬೇಡಿ. ಮೊದಲ ಸೆಕ್ಟರಿನಿಂದ (ಫ್ಲಾಪಿಯಲ್ಲಿ ಮಾಹಿತಿ ಕೂರುವ ಪುಟ್ಟ ತುಂಡು) ಕೊನೆಯದರವರೆಗೆ ಇದ್ದದ್ದನ್ನು ಇದ್ದ ಹಾಗೇ ಓದಿ ಒಂದು ಇಮೇಜ್ ಫೈಲ್ ಮಾಡಿಕೊಳ್ಳಿ. ಹುಡುಕಾಟ, ರಿಪೇರಿ ಎಲ್ಲವೂ ಅದರ ನಕಲಿನ ಮೇಲೆ ನಡೆಯಲಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಫ್ಲಾಪಿ ಎರಡನೇ ಸಲವೂ ಓದಿಗೆ ಸಿಗುತ್ತದೆ ಎಂಬ ಖಾತರಿ ಇಲ್ಲ.

ಡ್ರೈವಿಗೆ ಹಾಕುವ ಮುಂಚೆ ಮೂಲೆಯ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಸರಿಸಿ ಕಿಂಡಿ ತೆರೆದಿಡಿ. ಆಗ ಅದರ ಮೇಲೆ ಏನೂ ಬರೆಯಲಾಗದು. ವಿಂಡೋಸ್ 95 ಬರಿದೇ ಓದುವಾಗಲೂ ಬೂಟ್ ಸೆಕ್ಟರಿನಲ್ಲಿ, ಅಂದರೆ ಫ್ಲಾಪಿಯ ವಿವರವಿರುವ ಮೊಟ್ಟಮೊದಲ ಸೆಕ್ಟರಿನಲ್ಲಿ, ತನ್ನ ಗುರುತು ಬರೆದುಬಿಡುತ್ತಿತ್ತು. ಬಳಿಕ ಶಟರ್ ಸರಿಸಿ, ಒಳಗಿನ ತಟ್ಟೆಯನ್ನು ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ಕರಾವಳಿ, ಮಲೆನಾಡಿನಿಂದ ಬಂದವಕ್ಕೆ ಬೂಷ್ಟು ಹಿಡಿದಿರುವುದುಂಟು. ಹಾಗೇ ಹಾಕಿದರೆ ಅದು ಡ್ರೈವಿನ ಓದುವ ಹೆಡ್‌ಗೆ ಮೆತ್ತಿಕೊಂಡು, ಮುಂದೆ ಹಾಕುವ ಚೆನ್ನಾಗಿರುವ ಫ್ಲಾಪಿಯನ್ನೂ ಗೀರಿ ಹಾಳುಮಾಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು.

ಓದಿಸಲು ನಾನು ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸುತ್ತೇನೆ. ಸುಲಭವಾಗಿ ಸಿಗುವುದನ್ನು ಅದು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮರಳುತ್ತದೆ. ಯಾವ ಸೆಕ್ಟರ್ ಸಿಕ್ಕಿಲ್ಲ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಅದೇ ಮ್ಯಾಪ್ ಇಟ್ಟುಕೊಂಡು ಇನ್ನೊಂದು ಡ್ರೈವಿನಲ್ಲಿ ಓದು ಮುಂದುವರಿಸಬಹುದು. ಹೆಡ್ ಕೂತಿರುವ ರೀತಿ ಡ್ರೈವಿನಿಂದ ಡ್ರೈವಿಗೆ ಕೂದಲೆಳೆಯಷ್ಟು ಬೇರೆ ಇರುವುದರಿಂದ, ಒಂದರಲ್ಲಿ ಓದಲಾಗದ್ದು ಇನ್ನೊಂದರಲ್ಲಿ ಸಿಕ್ಕಿಬಿಡುತ್ತದೆ. ಕೊನೆಗೆ ಇಮೇಜಿನ ಗಾತ್ರ ನೋಡಿ. 1.44 ಎಂಬಿ ಫ್ಲಾಪಿಯಾದರೆ 14,74,560 ಬೈಟ್ ಇರಲೇಬೇಕು: 80 ಟ್ರ್ಯಾಕ್ (ಸುತ್ತು), 2 ಬದಿ, ಸುತ್ತಿಗೆ 18 ಸೆಕ್ಟರ್, ತಲಾ 512 ಬೈಟ್. ಕಡಿಮೆ ಇದ್ದರೆ ಕೆಟ್ಟ ಸೆಕ್ಟರ್‌ಗಳ ಜಾಗವನ್ನು ಸೊನ್ನೆಯಿಂದ ತುಂಬದೆ ಹಾರಿಸಿರಬಹುದು. ಹಾಗಾಗಿದ್ದರೆ ಅಲ್ಲಿಂದ ಮುಂದಿನದೆಲ್ಲ ಜಾಗ ತಪ್ಪಿರುತ್ತದೆ.

ಪ್ರಕಾಶಕರೊಬ್ಬರ ಫ್ಲಾಪಿ ಹಾಕಿದಾಗಲೆಲ್ಲ 'ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?' ಎಂದು ಕಂಪ್ಯೂಟರ್ ಕೇಳುತ್ತಿತ್ತಂತೆ. ಅವರು ಬೇಡ ಅಂದದ್ದೇ ಪುಣ್ಯ. ಇಮೇಜ್ ಮಾಡಿ ನೋಡಿದರೆ ಕೆಟ್ಟಿದ್ದು ಬೂಟ್ ಸೆಕ್ಟರ್ ಮತ್ತು ಯಾವ ಫೈಲ್ ಎಲ್ಲೆಲ್ಲಿದೆ ಎಂದು ಹೇಳುವ ಫ್ಯಾಟ್ ಕೋಷ್ಟಕದ ಒಂದು ಭಾಗ ಮಾತ್ರ. ಬೂಟ್ ಸೆಕ್ಟರನ್ನು 0 ಎಂದು ಎಣಿಸಿದರೆ ಈ ಕೋಷ್ಟಕದ ಮೊದಲ ಪ್ರತಿ 1ರಿಂದ 9ನೇ ಸೆಕ್ಟರ್‌ವರೆಗೆ, ಎರಡನೆಯದು 10ರಿಂದ 18ರವರೆಗೆ ಇರುತ್ತದೆ. ಎರಡನೆಯದು ಪೂರ್ತಿ ಓದಲು ಸಿಕ್ಕಿತ್ತು. ಇಮೇಜಿನ ನಕಲಿನಲ್ಲಿ ಅದನ್ನು ಮೊದಲನೆಯದರ ಜಾಗಕ್ಕೆ ತಂದು, ಅದೇ ಜಾತಿಯ ಬೇರೊಂದು ಫ್ಲಾಪಿಯ ಬೂಟ್ ಸೆಕ್ಟರ್ ಹಾಕಿದೆ. ಇಡೀ ಪುಸ್ತಕದ ಅಧ್ಯಾಯಗಳು ಹೆಸರು ಸಮೇತ ಬಂದವು!

ಫೈಲ್‌ಗಳನ್ನಷ್ಟೇ ಕಾಪಿ ಮಾಡಿದರೆ ಅಳಿಸಿದ್ದು ಸಿಗುವುದಿಲ್ಲ. ಅಳಿಸಿದಾಗ ಹೆಸರಿನ ಮೊದಲ ಅಕ್ಷರ ಅಳಿಸಿದ್ದರ ಗುರುತಾದ ಇ5 ಎಂಬ ಬೈಟಾಗುತ್ತದೆ, ಕೋಷ್ಟಕದಲ್ಲಿ ಅದರ ಜಾಗ ಖಾಲಿ ಎಂದಾಗುತ್ತದೆ. ಮೇಲೆ ಬೇರೇನೂ ಬರೆಯದಿದ್ದರೆ ಪಠ್ಯ ಮಾತ್ರ ಅಲ್ಲೇ ಇರುತ್ತದೆ. ಲೇಖಕರು ಕೈಬಿಟ್ಟ ಕರಡು ಹೀಗೆ ಇಮೇಜಿನೊಳಗೆ ಉಳಿದಿರಬಹುದು.

ಫೈಲ್ ಸಿಕ್ಕರೂ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ. ಯೂನಿಕೋಡ್‌ಗೆ ಮುಂಚಿನ ಕನ್ನಡ ಪಠ್ಯಕ್ಕೆ ಆಯಾ ಸಂಸ್ಥೆಯ ಫಾಂಟೇ ಬೇಕು. ಹಾಗಾಗಿ ಪೆಟ್ಟಿಗೆಯ ತಳದಲ್ಲಿ ಫಾಂಟ್ ಎಂದು ಬರೆದ ಫ್ಲಾಪಿ ಇದ್ದರೆ ಮೊದಲು ಅದರ ಇಮೇಜ್ ತೆಗೆಯುತ್ತೇನೆ.