ಮಿಷಿಗನ್‌ಗೆ ಸೋತರು, ಕಪ್ ಗೆದ್ದರು

ಓಹಾಯೋ ಸ್ಟೇಟ್ ಅಂದರೆ ನಮ್ಮ ಹಾಸನದಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಅಕ್ಕನ ಮಗ ಎಂ.ಎಸ್. ಮಾಡಲು ಅಮೆರಿಕದ ಕೊಲಂಬಸ್‌ಗೆ ಹೋಗುವ ತನಕ ನನಗೂ ಅಷ್ಟೇ. ಈಗ ಆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ 2024ರ ಸೀಸನ್ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತೇನೆ. ಯಾರೂ ಕೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು. ಕಬಡ್ಡಿ ನೋಡಿ ಬೆಳೆದವರಿಗೆ ಹಿಡಿಯುವುದು, ಕೆಡವುವುದು ಬೇಗ ಅರ್ಥವಾಗುತ್ತದೆ. ಚೆಂಡು ಯಾರ ಕೈಯಲ್ಲಿದೆ ಅನ್ನುವುದು ಮಾತ್ರ ನನಗೆ ಈಗಲೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ.

ಆ ವರ್ಷ ಗೆಲ್ಲಲೇಬೇಕು ಅಂತ ಕಟ್ಟಿದ ತಂಡ ಅದು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ವಿಲ್ ಹೋವರ್ಡ್ ಕಾನ್ಸಾಸ್ ಸ್ಟೇಟ್ ಕಾಲೇಜಿನಿಂದ ಬಂದವನು, ಡಿಫೆನ್ಸ್‌ನ ಕೇಲಬ್ ಡೌನ್ಸ್ ಅಲಬಾಮದಿಂದ. ಆಟಗಾರರಿಗೆ ಸೇರುವ ದುಡ್ಡೇ ಸುಮಾರು 20 ಮಿಲಿಯನ್ ಡಾಲರ್ ಅಂತ ಅಲ್ಲಿನ ಕ್ರೀಡಾ ಮುಖ್ಯಸ್ಥರೇ ಹೇಳಿದ್ದರು. ಆಗಿನ ಲೆಕ್ಕದಲ್ಲಿ 165 ಕೋಟಿ ರೂಪಾಯಿ ದಾಟುತ್ತದೆ. ನಮ್ಮಲ್ಲಿ ಕಾಲೇಜು ಹುಡುಗರು ಯೂನಿವರ್ಸಿಟಿ ಮ್ಯಾಚ್‌ಗೆ ಹೋಗುವಾಗ ಬಸ್ ಚಾರ್ಜಿಗೆ ಪರದಾಡುವುದನ್ನು ನೋಡಿದವರಿಗೆ ತಲೆ ತಿರುಗುತ್ತದೆ, ಬಿಡಿ.

ಅಕ್ಟೋಬರ್‌ನಲ್ಲಿ ಆರೆಗನ್ ಊರಿಗೆ ಹೋಗಿ 32-31ರಲ್ಲಿ ಸೋತರು. ಒಂದೇ ಅಂಕ. ಅದನ್ನು ಎಲ್ಲರೂ ಮರೆತರು. ಮರೆಯಲಾಗದ್ದು ನವೆಂಬರ್ 30ರ ಮಿಷಿಗನ್ ಮ್ಯಾಚ್. ನಮ್ಮ ಲೆಕ್ಕಕ್ಕೆ ಶನಿವಾರ ರಾತ್ರಿ ಹತ್ತೂವರೆಗೆ ಶುರು. ಈ ಎರಡು ಕಾಲೇಜುಗಳ ಹಗೆ ಎಷ್ಟು ಅಂದರೆ, ಮಿಷಿಗನ್‌ಗೆ ಸೋಲುವುದು ತಂದೆಯ ಸಾವು ಮತ್ತೆ ಇನ್ನೊಂದೆರಡು ಸಂಗತಿ ಬಿಟ್ಟರೆ ತನ್ನ ಮನೆಯವರಿಗೆ ಬಂದ ಅತಿ ದೊಡ್ಡ ಕಷ್ಟ ಅನ್ನುವ ಅರ್ಥದಲ್ಲಿ ಓಹಾಯೋ ಕೋಚ್ ರಯಾನ್ ಡೇ ಒಮ್ಮೆ ಮಾತಾಡಿದ್ದರು. ಆ ವರ್ಷ ಮಿಷಿಗನ್ ಆಗಲೇ ಐದು ಮ್ಯಾಚ್ ಸೋತು ಸುಸ್ತಾಗಿತ್ತು. ಓಹಾಯೋ ಆಡುತ್ತಿದ್ದದ್ದು ತನ್ನದೇ ಅಂಗಳದಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ ಜನರ ಮುಂದೆ. ಆದರೂ ಅರ್ಧ ಆಟದ ನಂತರ ಒಂದು ಅಂಕವೂ ಬರಲಿಲ್ಲ. ಎರಡು ಫೀಲ್ಡ್ ಗೋಲ್ ಬೇರೆ ತಪ್ಪಿಸಿದರು. ಕೊನೆಗೆ 45 ಸೆಕೆಂಡ್ ಉಳಿದಿರುವಾಗ ಮಿಷಿಗನ್ ಒದ್ದು ಗೆದ್ದಿತು, 13-10. ಸತತ ನಾಲ್ಕನೇ ಸೋಲು.

ಅಲ್ಲಿಗೂ ಮುಗಿಯಲಿಲ್ಲ. ಮಿಷಿಗನ್ ಹುಡುಗರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು, ಜಗಳ ಹತ್ತಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಎರಡೂ ಕಾಲೇಜಿಗೆ ತಲಾ 1 ಲಕ್ಷ ಡಾಲರ್ ದಂಡ. ಆ ಬಾವುಟವನ್ನು ಕೋಲಿನಿಂದ ಕಿತ್ತವನು ಜ್ಯಾಕ್ ಸಾಯರ್, ಕೊಲಂಬಸ್ ಪಕ್ಕದ ಊರಿನ ಹುಡುಗ. ಈ ಹೆಸರು ನೆನಪಿಟ್ಟುಕೊಳ್ಳಿ.

ಮಾರನೇ ದಿನ ಅಕ್ಕನ ಫೋನ್. "ಅವನ ಮೊಬೈಲ್ ಸ್ವಿಚ್ ಆಫ್ ಬರ್ತಿದೆ ಕಣೋ, ಏನಾಗಿದೆ?" ಮ್ಯಾಚ್ ಸೋತಿದ್ದಾರೆ ಅಕ್ಕ ಅಂದೆ. "ಇವನೇನು ಆಡಿದ್ನಾ?" ಅಂತ ಕೇಳಿ ಇಟ್ಟಳು.

ಹಳೇ ಪದ್ಧತಿಯಾಗಿದ್ದರೆ ಕಥೆ ಅಲ್ಲಿಗೆ ಖತಂ. ಮೊದಲು ನಾಲ್ಕೇ ತಂಡ ಪ್ಲೇಆಫ್‌ಗೆ, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್‌ಗೆ ಹೋಗುತ್ತಿದ್ದವು, ಓಹಾಯೋ ಇದ್ದದ್ದು ಆರನೇ ರ‍್ಯಾಂಕ್‌ನಲ್ಲಿ. ಅದೇ ವರ್ಷ ಸಂಖ್ಯೆ 12ಕ್ಕೆ ಏರಿತ್ತು. ಕೋಚ್‌ನ ತೆಗೆದುಹಾಕಿ ಅಂತ ಅರ್ಧ ಊರು ಕೂಗುತ್ತಿರುವಾಗ ತಂಡಕ್ಕೆ ಹಿಂಬಾಗಿಲು ತೆರೆಯಿತು. ನಾನಿದನ್ನು ಹಿಂಬಾಗಿಲು ಅನ್ನುವುದು ಅಳಿಯನಿಗೆ ಹಿಡಿಸುವುದಿಲ್ಲ. ಆದರೆ ಮನೆಯಂಗಳದಲ್ಲಿ ಹಾಗೆ ಸೋತವರಿಗೆ ಇನ್ನೊಂದು ಛಾನ್ಸ್ ಅಂದರೆ ನವೆಂಬರ್ ಸೋಲಿಗೆ ಬೆಲೆ ಏನು ಉಳಿಯಿತು, ಅಲ್ವಾ?

ಬೆಲೆ ಇತ್ತು ಅಂತ ಆಮೇಲೆ ಅನ್ನಿಸಿತು. ಸೋತ ಸಿಟ್ಟನ್ನೆಲ್ಲ ಬೇರೆಯವರ ಮೇಲೆ ತೀರಿಸಿಕೊಂಡರು. ಟೆನ್ನೆಸ್ಸಿಯನ್ನು 42-17ರಲ್ಲಿ ಹೊಡೆದರು. ಅಲ್ಲಿಯ ತನಕ ಒಂದೂ ಸೋಲದ ಆರೆಗನ್ ಮೇಲೆ ರೋಸ್ ಬೌಲ್ ಅನ್ನುವ ಕ್ವಾರ್ಟರ್‌ಫೈನಲ್‌ನಲ್ಲಿ ಒಂದು ಹಂತದಲ್ಲಿ 34-0, ಕೊನೆಗೆ 41-21.

ಆಮೇಲೆ ಸೆಮಿಫೈನಲ್, ಎದುರಾಳಿ ಟೆಕ್ಸಸ್. ನಮಗೆ ಅದು ಜನವರಿ 11ರ ಬೆಳಗ್ಗೆ ಆರಕ್ಕೆ. ಹಿಂದಿನ ದಿನ ವೈಕುಂಠ ಏಕಾದಶಿ, ಅಮ್ಮ ದ್ವಾದಶಿ ಪಾರಣೆಗೆ ಎದ್ದು ಅಡುಗೆಮನೆಯಲ್ಲಿದ್ದರು. ಓಹಾಯೋ 21-14 ಮುಂದೆ, ಆದರೆ ಟೆಕ್ಸಸ್ ಗೆರೆಯಿಂದ ಒಂದೇ ಗಜ ದೂರ. ಮುಗೀತು ಅಂದುಕೊಂಡೆ. ಒಂದು ಅವಕಾಶದಲ್ಲಿ ಟೆಕ್ಸಸ್‌ನವರು ಏಳು ಗಜ ಹಿಂದಕ್ಕೆ ತಳ್ಳಿಸಿಕೊಂಡರು. ನಾಲ್ಕನೇ ಅವಕಾಶ ಬಂತು. ಅದೇ ಸಾಯರ್ ಒಳಗೆ ನುಗ್ಗಿ ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಉದುರಿಸಿದ, ತಾನೇ ಎತ್ತಿಕೊಂಡು 83 ಗಜ ಓಡಿ ಟಚ್‌ಡೌನ್ ಮಾಡಿದ. ಯೂವರ್ಸ್ ಮೊದಲು ಓಹಾಯೋದಲ್ಲೇ ಇದ್ದವನು, ಸಾಯರ್‌ನ ರೂಮ್‌ಮೇಟ್! ನಾನು ಕಿರುಚಿದ್ದಕ್ಕೆ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು.

ಫೈನಲ್ ಅಟ್ಲಾಂಟದಲ್ಲಿ, ಎದುರಾಳಿ ನೋತ್ರ್ ಡೇಮ್. ಅವರು ಮೊದಲ ಟಚ್‌ಡೌನ್‌ಗೆ ಹತ್ತತ್ತಿರ ಹತ್ತು ನಿಮಿಷ ಚೆಂಡು ಬಿಡದೆ ಆಡಿದರು. ನಂತರ ಓಹಾಯೋ ಸತತ 31 ಅಂಕ. ಕೊನೆಗೆ ನೋತ್ರ್ ಡೇಮ್‌ನವರು ಸ್ವಲ್ಪ ಹೆದರಿಸಿದರು, ಆದರೆ ಹೋವರ್ಡ್ ಎಸೆದ ಉದ್ದ ಚೆಂಡನ್ನು ಮೊದಲ ವರ್ಷದ ಹುಡುಗ ಜೆರೆಮಾಯ ಸ್ಮಿತ್ ಹಿಡಿದು 56 ಗಜ ಮುಂದೆ ಹೋದಾಗ ಎಲ್ಲ ಮುಗಿಯಿತು. 34-23. ನಾಲ್ಕು ತಂಡಗಳ ಪ್ಲೇಆಫ್ ಶುರುವಾದ 2014ರ ಸೀಸನ್ ಗೆದ್ದವರೂ ಇವರೇ, 12 ತಂಡಗಳದ್ದನ್ನು ಮೊದಲು ಗೆದ್ದವರೂ ಇವರೇ.

2025ರಲ್ಲಿ ಎಲ್ಲ ಉಲ್ಟಾ. ಮಿಷಿಗನ್ ಊರಿಗೇ ಹೋಗಿ 27-9ರಲ್ಲಿ ಗೆದ್ದರು. ಆಮೇಲೆ ಇಂಡಿಯಾನಾಗೆ ಸೋತರು, ಪ್ಲೇಆಫ್‌ನಲ್ಲಿ ಮಯಾಮಿಗೂ ಸೋತರು, ಕಪ್ ಇಲ್ಲ. ಎರಡರಲ್ಲಿ ಯಾವ ವರ್ಷ ಬೇಕೋ ನಿನಗೆ ಅಂತ ಅಳಿಯನನ್ನು ಕೇಳಿದೆ. ಕಪ್ ಅಂತ ತಕ್ಷಣ ಹೇಳುತ್ತಾನೆ ಅಂದುಕೊಂಡಿದ್ದೆ. "ಯೋಚನೆ ಮಾಡಿ ಹೇಳ್ತೀನಿ ಮಾವ" ಅಂದ. ಇನ್ನೂ ಹೇಳಿಲ್ಲ.