‘ಹಾಗೇನಿಲ್ಲ ಅಲ್ವಾ?’ ಎಂದು ಕೇಳಬೇಡಿ

ಆತ್ಮಹತ್ಯೆ ತಡೆಯುವ ತರಬೇತಿಗೆ ಬಂದವರಿಗೆ ಲಕ್ಷಣಗಳ ಪಟ್ಟಿ ಸುಲಭವಾಗಿ ಬಾಯಿಗೆ ಬರುತ್ತದೆ. ನಿದ್ದೆ ಕೆಡುವುದು, ಊಟ ಸೇರದಿರುವುದು, ಕುಡಿತ ಜಾಸ್ತಿಯಾಗುವುದು, ಮಂದಿಯಿಂದ ದೂರ ಸರಿಯುವುದು. ಸಂಜೆ ಮನೆಗೆ ಹೊರಡುವಾಗಲೂ ಬಾಯಿಗೆ ಬಾರದೆ ಉಳಿಯುವುದು ಒಂದೇ ಮಾತು: ‘ಸಾಯಬೇಕು ಅಂತ ಅನ್ನಿಸ್ತಿದ್ಯಾ?’ ಇಡೀ ದಿನ ಅದನ್ನು ಯಾರೂ ಗಟ್ಟಿಯಾಗಿ ಹೇಳಿರುವುದಿಲ್ಲ. ಸ್ಲೈಡಿನಲ್ಲಿ ಓದಿದ್ದಾರೆ, ಬರೆದುಕೊಂಡಿದ್ದಾರೆ, ಕಾಫಿ ಕುಡಿದು ಸಹಿ ಹಾಕಿದ್ದಾರೆ, ಅಷ್ಟೆ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನಿಗೂ ಇರುತ್ತದೆ, ಡಾಕ್ಟರಿಗೂ ಇರುತ್ತದೆ. ಹಾಗಾಗುವುದಿಲ್ಲ ಎಂಬುದು ಅಧ್ಯಯನಗಳಿಂದ ಮತ್ತೆಮತ್ತೆ ಕಂಡುಬಂದಿದೆ. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಹಗುರವೇ ಆಗುತ್ತದೆ. ಕೆಡುವುದು ಕೇಳುವ ರೀತಿಯಲ್ಲಿ. ‘ಹಾಗೆಲ್ಲ ಏನೂ ಯೋಚನೆ ಮಾಡಿಲ್ಲ ಅಲ್ವಾ?’ ಎಂದರೆ ಉತ್ತರ ನಾವೇ ಕೊಟ್ಟಾಯಿತು. ಎದುರಿನವರು ‘ಛೆ, ಇಲ್ಲಪ್ಪ’ ಎನ್ನದೆ ಇನ್ನೇನು ಹೇಳಿಯಾರು? ‘ಹುಚ್ಚುಗಿಚ್ಚು ಕೆಲಸ ಮಾಡ್ಕೋಬೇಡ’ ಎಂಬುದಂತೂ ಪ್ರಶ್ನೆಯೇ ಅಲ್ಲ. ನಿದ್ದೆ, ಊಟ, ಸಾಲ, ಮನೆಯ ಜಗಳ ಹೀಗೆ ಶುರುಮಾಡಿ ಮೆಟ್ಟಿಲಿಳಿಯಬೇಕು: ‘ಇಷ್ಟೆಲ್ಲ ಆದಾಗ ಬದುಕೇ ಬೇಡ ಅನ್ನಿಸಿದ್ದುಂಟಾ?’ ಹೌದೆಂದರೆ ‘ಜೀವ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ?’ ಅದಕ್ಕೂ ಹೌದೆಂದರೆ ‘ಹೇಗೆ, ಯಾವಾಗ ಅಂತ ಮನಸ್ಸಿನಲ್ಲಿದೆಯಾ?’ ಕೊನೆಗೆ ‘ಹಿಂದೆ ಯಾವಾಗಾದರೂ ಪ್ರಯತ್ನ ಮಾಡಿದ್ದುಂಟಾ?’ ಪ್ರತಿ ಪ್ರಶ್ನೆಯಾದ ಮೇಲೂ ಬಾಯಿ ಮುಚ್ಚಿ ಕೂರಬೇಕು. ಹತ್ತು ಸೆಕೆಂಡು ಸುಮ್ಮನಿರುವುದು ಪ್ರಶ್ನೆ ಕೇಳುವುದಕ್ಕಿಂತ ಕಷ್ಟ.

ಮಲೆನಾಡಿನ ಮನೆಗಳಲ್ಲಿ ವಯಸ್ಸಾದವರು ‘ದೇವರು ಬೇಗ ಕರ್ಕೊಂಡ್ರೆ ಸಾಕು’ ಎಂದು ದಿನಕ್ಕೆರಡು ಸಲ ಹೇಳುತ್ತಾರೆ. ಅದನ್ನು ಪೂರ್ತಿ ತಳ್ಳಿಹಾಕಲೂ ಬಾರದು, ಕೇಳಿದಾಗಲೆಲ್ಲ ಗಾಬರಿಯಾಗಲೂ ಬಾರದು. ನೇರವಾಗಿ ಬಿಡಿಸಿ ಕೇಳಿದರೆ ಆಯಿತು: ‘ದೇವರು ಕರ್ಕೊಳ್ಳೋದು ಬೇರೆ ಅಜ್ಜ, ನೀವೇ ಜೀವ ಕಳ್ಕೋಬೇಕು ಅಂತ ಅನ್ನಿಸಿದ್ಯಾ?’ ಬರೀ ಬೇಸರಕ್ಕೆ ಹೇಳಿದ ಅಜ್ಜ ನಗುತ್ತಾರೆ, ಇಲ್ಲವೇ ಬೈಯುತ್ತಾರೆ. ಮಾತು ನಿಲ್ಲಿಸಿ ಅಂಗಳದ ಕಡೆ ನೋಡಿದರೆ ಚೀಲ ಕೆಳಗಿಟ್ಟು ಕೂರಬೇಕು.

ಬಾಯಿ ಪಳಗಿಸುವುದಕ್ಕೆ ಮೂವರ ಗುಂಪು ಸಾಕು. ಒಬ್ಬರು ಕಷ್ಟದಲ್ಲಿರುವವರು, ಒಬ್ಬರು ಕೇಳುವವರು, ಮೂರನೆಯವರು ಕಾಗದ ಹಿಡಿದು ನೋಡುವವರು. ಏಳು ನಿಮಿಷ ಮಾತು, ಮೂರು ನಿಮಿಷ ಚರ್ಚೆ, ಆಮೇಲೆ ಪಾತ್ರ ಬದಲು. ಒಂದು ಸುತ್ತಿಗೆ ಅರ್ಧ ಗಂಟೆಯಾದರೆ ಊಟಕ್ಕೆ ಮೊದಲು ಎರಡು, ಆಮೇಲೆ ಎರಡು ಸುತ್ತು ಆಗುತ್ತವೆ. ನೋಡುವವರು ಬರೆದುಕೊಳ್ಳುವುದು ಎರಡೇ: ಪ್ರಶ್ನೆಯನ್ನು ನೇರವಾಗಿ ಕೇಳಿದರೇ, ಉತ್ತರ ಬರುವ ಮೊದಲೇ ಬುದ್ಧಿಮಾತು ಶುರುವಾಯಿತೇ. ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಎಲ್ಲರೂ ‘ಮಕ್ಕಳ ಮುಖ ನೋಡಿ ಧೈರ್ಯ ತಗೊಳ್ಳಿ’ ಎಂದೇ ಬಿಡುತ್ತಾರೆ. ತನ್ನಿಂದ ಮಕ್ಕಳಿಗೆ ಹೊರೆ ಎಂದುಕೊಂಡವರ ಎದೆಗೆ ಆ ಮಾತು ಚುಚ್ಚುತ್ತದೆ. ಅಭ್ಯಾಸವೂ ಮನೆಮಾತಿನಲ್ಲೇ ನಡೆಯಲಿ. ತರಬೇತಿಯಲ್ಲಿ ಪುಸ್ತಕದ ಕನ್ನಡದಲ್ಲಿ ಕೇಳಿದವರು ಹೊಸನಗರದ ಯಾವುದೋ ಒಂಟಿಮನೆಯ ಜಗುಲಿಯಲ್ಲಿ ತಡವರಿಸುತ್ತಾರೆ.

ಇಪ್ಪತ್ತೈದು ಜನರಿದ್ದ ಕಡೆ ಮನೆಯವರನ್ನು ಹೀಗೆ ಕಳೆದುಕೊಂಡವರೋ ತಾವೇ ಆ ಯೋಚನೆಯಲ್ಲಿರುವವರೋ ಒಬ್ಬರಾದರೂ ಇರುತ್ತಾರೆಂದೇ ಇಟ್ಟುಕೊಳ್ಳಿ. ಕಷ್ಟವಾದರೆ ಎದ್ದು ಹೋಗಬಹುದು ಎಂದು ಬೆಳಿಗ್ಗೆಯೇ ಹೇಳಿ, ಪಕ್ಕದ ಕೋಣೆಯಲ್ಲಿ ಒಬ್ಬರನ್ನು ಕೂರಿಸಬೇಕು. ಪಕ್ಕದೂರಿನ ಸಾವನ್ನು ಉದಾಹರಣೆಗೆ ಎತ್ತಿಕೊಂಡು ಹೇಗಾಯಿತೆಂದು ವಿವರಿಸುವ ಉಮೇದು ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಬೇಕು.

ಆಸ್ಪತ್ರೆಗಿಂತ ಮೊದಲು ವಿಷಯ ಗೊತ್ತಾಗುವುದು ಬೇರೆ ಕಡೆ. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ರಾತ್ರಿ ಹತ್ತಾರು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರಲ್ಲ, ಆ ಚಪ್ಪರದಲ್ಲಿ. ದಿನಾ ಮಾತಿಗೆ ಮಾತು ಕೊಡುತ್ತಿದ್ದವಳು ನಾಲ್ಕು ದಿನದಿಂದ ತಲೆ ಎತ್ತಿಲ್ಲ, ಡಬ್ಬ ತುಂಬುವ ಲೆಕ್ಕವೂ ಕಡಿಮೆಯಾಗಿದೆ ಎಂಬುದು ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ. ಎಲೆಚುಕ್ಕೆ ರೋಗಕ್ಕೆ ತೋಟ ಹೋದವನು, ಸಂಘದ ಕಂತು ಕಟ್ಟಲಾಗದೆ ಮುಖ ತಪ್ಪಿಸುವವಳು ಹಾಲಿನ ಡೈರಿಯವರ, ಗೊಬ್ಬರದಂಗಡಿಯವರ ಕಣ್ಣಿಗೆ ಮೊದಲು ಬೀಳುತ್ತಾರೆ. ತರಬೇತಿಗೆ ಕರೆಯಬೇಕಾದವರು ಇವರು. ಕೊಯ್ಲಿನ ನಡುವೆ ದಿನ ಇಟ್ಟು ‘ಜನ ಬರಲಿಲ್ಲ’ ಎಂದು ವರದಿ ಬರೆಯುವುದರಲ್ಲಿ ಅರ್ಥವಿಲ್ಲ.

ಮನೆಗೆ ಹೋದರೆ ಏಕಾಂತ ಸಿಗುವುದಿಲ್ಲ. ಸೊಸೆಯ ಜೊತೆ ಮಾತಾಡುವಾಗ ಅತ್ತೆ ಬಾಗಿಲಲ್ಲೇ ಇರುತ್ತಾರೆ. ‘ಬಾ ಅಕ್ಕ, ಕೊಟ್ಟಿಗೆ ಕಡೆ ಹೋಗ್ತಾ ಮಾತಾಡೋಣ’ ಎಂದರೆ ಯಾರಿಗೂ ಅನುಮಾನ ಬರದು.

ಹೌದು ಎಂಬ ಉತ್ತರ ಬಂದಾಗ ಹೆಚ್ಚಿನವರು ಮಾಡುವ ಮೊದಲ ತಪ್ಪು ಆಣೆ ಹಾಕಿಸುವುದು. ‘ಸಿಗಂದೂರು ದೇವಿ ಮೇಲೆ ಆಣೆ ಮಾಡು, ಹಾಗೆ ಮಾಡ್ಕೊಳಲ್ಲ ಅಂತ.’ ಇಂಥ ಮಾತು ಪಡೆದರೆ ಜೀವ ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಯೋಚನೆ ಮತ್ತೆ ಬಂದಾಗ ಆಣೆ ಮುರಿದ ಪಾಪವೂ ಸೇರಿಕೊಂಡು, ಅವರು ನಿಮಗೆ ಹೇಳುವುದನ್ನೇ ನಿಲ್ಲಿಸುತ್ತಾರೆ. ಎರಡನೆಯ ತಪ್ಪು ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವುದು. ‘ಊರಿಗೆಲ್ಲ ಹೇಳಲ್ಲ. ನಿಮ್ಮ ಜೀವಕ್ಕೆ ಬೇಕಾದ ಒಬ್ಬಿಬ್ಬರಿಗೆ ಹೇಳಬೇಕು, ಯಾರಿಗೆ ಅಂತ ನೀವೇ ಹೇಳಿ’ ಎನ್ನಬಹುದು.

ಹೇಗೆ, ಯಾವಾಗ ಎಂಬುದು ತೀರ್ಮಾನವಾಗಿದ್ದರೆ ಅವರನ್ನು ಒಂದು ಕ್ಷಣವೂ ಒಬ್ಬರೇ ಬಿಡಬಾರದು. ಅಂದೇ ಆಸ್ಪತ್ರೆಗೆ, 108ಕ್ಕೋ ಊರಿನ ಜೀಪಿಗೋ ಹೇಳಿ. ತೀವ್ರ ಘಳಿಗೆ ಹೆಚ್ಚು ಹೊತ್ತು ಇರುವುದಿಲ್ಲ, ಅದು ದಾಟುವ ತನಕ ಅಪಾಯದ ವಸ್ತು ಕೈಗೆಟುಕದಂತೆ ಇರಬೇಕು. ಇಲ್ಲಿ ಕನ್ನಡವೇ ಒಂದು ತೊಡಕು ತರುತ್ತದೆ. ನಮ್ಮಲ್ಲಿ ತೋಟಕ್ಕೆ ಹೊಡೆಯುವುದೂ ಔಷಧಿ, ಜ್ವರಕ್ಕೆ ಕೊಡುವುದೂ ಔಷಧಿ. ‘ಮನೆಯಲ್ಲಿ ಔಷಧಿ ಇದೆಯಾ?’ ಎಂದರೆ ಮಾತ್ರೆ ತೋರಿಸುತ್ತಾರೆ. ‘ತೋಟದ್ದು’, ‘ಆಸ್ಪತ್ರೆದು’ ಎಂದು ಎರಡು ಸಲ ಕೇಳಬೇಕು. ತೋಟದ್ದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರೆ ಸಾಕು ಎಂಬ ಸಲಹೆ ಕೇಳಲು ಚೆಂದ. ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಬೀಗದ ಪೆಟ್ಟಿಗೆಯಿಂದ ಪ್ರಯತ್ನಗಳು ಕಡಿಮೆಯಾಗಲಿಲ್ಲ. ಕೀಲಿಕೈ ಮನೆಯೊಳಗೇ ಇದ್ದರೆ ಬೀಗದ ಗುಣ ಏನು? ಮನೆಯಿಂದಲೇ ಹೊರಗೆ, ಅಣ್ಣನದೋ ಭಾವನದೋ ಮನೆಗೆ ಸಾಗಿಸುವುದು, ಬೇಕಾದಷ್ಟನ್ನೇ ತರುವುದು, ಉಳಿದದ್ದನ್ನು ಇಟ್ಟುಕೊಳ್ಳದಿರುವುದು ಮೇಲು.

ಆಮೇಲೆ ಅವರ ಜೊತೆ ಕೂತು ಸುರಕ್ಷಾ ಯೋಜನೆ ಬರೆಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಇದರಲ್ಲಿ ಆರು ಸಾಲು: ಯೋಚನೆ ಶುರುವಾಗುವ ಗುರುತು, ಆಗ ತಾನೇ ಮಾಡಬಹುದಾದ್ದು, ಮನಸ್ಸು ಬೇರೆ ಕಡೆ ಹರಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದವರು, ಆಸ್ಪತ್ರೆ ಮತ್ತು ಸಹಾಯವಾಣಿ, ಮನೆಯನ್ನು ಸುರಕ್ಷಿತ ಮಾಡುವ ಬಗೆ. ‘ಧ್ಯಾನ ಮಾಡುವುದು’ ಎಂದು ನಾವು ತುಂಬಿಸಿದರೆ ಅದು ಕಾಗದವಾಗಿಯೇ ಉಳಿಯುತ್ತದೆ. ‘ಕರುವಿನ ಹತ್ರ ಹೋಗಿ ಕೂರ್ತೀನಿ’ ಎಂದು ಅವರೇ ಹೇಳಿದ್ದು ಕೆಲಸಕ್ಕೆ ಬರುತ್ತದೆ. ಓದು ಬಾರದವರಿಗೆ ಅವರದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲುರಾತ್ರಿ ಉಚಿತ, ಕನ್ನಡದಲ್ಲೂ ಸಿಗುತ್ತದೆ. ಇದನ್ನು ಓದುತ್ತಿರುವ ನಿಮಗೇ ಸಾಯುವ ಯೋಚನೆ ಇದ್ದರೆ ಈಗಲೇ ಈ ಸಂಖ್ಯೆಗೆ ಫೋನ್ ಮಾಡಿ. ಕಣಿವೆಯ ಮನೆಗಳಿಗೆ ಸಂಖ್ಯೆಯ ಪಕ್ಕದಲ್ಲೇ ಇನ್ನೊಂದು ಸಾಲು ಬೇಕು: ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಅಲ್ಲಿಯ ತನಕ ಜೊತೆಗೆ ಯಾರು ಬರುತ್ತಾರೆ. ರಾತ್ರಿ ಮಳೆಯಲ್ಲಿ ಒಬ್ಬರೇ ಗುಡ್ಡ ಹತ್ತಿ ಫೋನ್ ಮಾಡಿ ಎನ್ನುವುದು ಯೋಜನೆಯಲ್ಲ.

‘ಶಿವಮೊಗ್ಗಕ್ಕೆ ಹೋಗಿ ಮನಸ್ಸಿನ ಡಾಕ್ಟರನ್ನು ನೋಡಿ’ ಎಂಬುದೂ ಹಾಗೆಯೇ. ಯಾವ ವಾರ, ಯಾವ ಬಸ್ಸು, ಜೊತೆಗೆ ಯಾರು, ಎಷ್ಟನೇ ಕೋಣೆ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಹೋಗುತ್ತಾರೆ.

ಪ್ರಯತ್ನವಾದ ಮೇಲೆ ಆಸ್ಪತ್ರೆಗೆ ಬಂದ ಮನೆಯವರು ಕೇಸಿಗೆ ಹೆದರಿ ‘ಹೊಟ್ಟೆನೋವು’ ಎನ್ನುತ್ತಾರೆ, ಚಿಕಿತ್ಸೆ ದಾರಿ ತಪ್ಪುತ್ತದೆ. ಕಾನೂನು ಈಗ ಅವರ ಪರ. ಮಾನಸಿಕ ಆರೋಗ್ಯ ಕಾಯ್ದೆ 2017ರ 115ನೇ ಕಲಂ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋದರೂ ಅದರರ್ಥ ಶಿಕ್ಷೆಯಲ್ಲ ಎಂದು ನರ್ಸ್ ಮೊದಲೇ ಹೇಳಿದರೆ ನಿಜ ಹೊರಗೆ ಬರುತ್ತದೆ. ‘ನಿಮಗೆ ಮಾಡೋಕೆ ಬೇರೆ ಕೆಲಸ ಇರಲಿಲ್ವಾ’ ಎಂದು ವಾರ್ಡಿನಲ್ಲಿ ಗದರಿದರೆ ಮತ್ತೆ ಅವರು ಆ ಮೆಟ್ಟಿಲು ಹತ್ತುವುದಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ವಾರಗಳೇ ಹೆಚ್ಚು ಅಪಾಯದವು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಕಡೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದು ಸರಳ: ಬಿಡುಗಡೆಯ ಹೊತ್ತಿಗೆ ಒಂದು ಗಂಟೆಯ ಮಾತು, ಆಮೇಲೆ ಒಂಬತ್ತು ಸಲ ಫೋನ್ ಅಥವಾ ಭೇಟಿ. 1, 2, 4, 7, 11ನೇ ವಾರ; ನಂತರ 4, 6, 12, 18ನೇ ತಿಂಗಳು. ಈ ಸಂಪರ್ಕ ಸಿಕ್ಕ ಗುಂಪಿನಲ್ಲಿ ಆತ್ಮಹತ್ಯೆಯ ಸಾವು ಸ್ಪಷ್ಟವಾಗಿ ಕಡಿಮೆಯಿತ್ತು. ಬಾಣಂತಿ ಮನೆಗೆ 3, 7, 14, 21, 28, 42ನೇ ದಿನ ತಪ್ಪದೆ ಹೋಗುವ ಆಶಾ ಕಾರ್ಯಕರ್ತೆಗೆ ಈ ಲೆಕ್ಕ ಹೊಸದಲ್ಲ. ದಿನಾಂಕಗಳನ್ನು ಅಂದೇ ಡೈರಿಯಲ್ಲಿ ಬರೆದುಬಿಡಬೇಕು, ಕಾಯಿಲೆಯ ಹೆಸರಿಲ್ಲದೆ, ಒಂದು ಗುರುತು ಹಾಕಿ. ಡೈರಿ ಹತ್ತು ಕೈ ದಾಟುತ್ತದೆ. ಮೊದಲ ಐದು ಭೇಟಿ ಹೆಚ್ಚಾಗಿ ತಪ್ಪುವುದಿಲ್ಲ. ತಪ್ಪುವುದು 12 ಮತ್ತು 18ನೇ ತಿಂಗಳಿನವು, ಯಾಕೆಂದರೆ ಅಷ್ಟರಲ್ಲಿ ಜನವರಿ ಬಂದು ಡೈರಿ ಬದಲಾಗಿರುತ್ತದೆ. ಡಿಸೆಂಬರ್ ತಿಂಗಳ ಸಭೆಯಲ್ಲೇ ಹಳೆಯ ಡೈರಿ ಪಕ್ಕಕ್ಕಿಟ್ಟುಕೊಂಡು ಉಳಿದ ದಿನಾಂಕಗಳನ್ನು ಹೊಸದಕ್ಕೆ ಇಳಿಸಬೇಕು.