ಕಿವಿಯಿಂದ ನೋಡಿದ ಸಿನಿಮಾಗಳು

14 ಡಿಸೆಂಬರ್ 2024, ಶನಿವಾರ
ಸಾಗರ ತಾಲೂಕು

ಸಂಜೆ ಆರೂವರೆಗೆ ಕರೆಂಟು ಹೋಯಿತು. ಅಂಗಳದ ಚಪ್ಪರದ ಕೆಳಗೆ ಬೆಳಿಗ್ಗೆ ಕೊಯ್ದು ತಂದ ಅಡಿಕೆ ಕೊನೆಗಳು ಇನ್ನೂ ಅರ್ಧ ರಾಶಿ ಇದ್ದವು, ಎರಡು ವರ್ಷದ ಹಿಂದೆ ತಂದ ಸುಲಿಯುವ ಯಂತ್ರ ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಸುಮ್ಮನಾಯಿತು. ಹಸಿ ಅಡಿಕೆ ಕರೆಂಟಿಗಾಗಿ ಕಾಯುವುದಿಲ್ಲ. ಅಪ್ಪಯ್ಯ ಮಾತಾಡದೆ ಅಟ್ಟ ಹತ್ತಿ, ಕೈಯಿಂದ ಅಡಿಕೆ ಸುಲಿಯುವ ನಾಲ್ಕು ಮೆಟ್ಟುಗತ್ತಿಗಳನ್ನು ಇಳಿಸಿ, ಧೂಳು ಒರೆಸಿ ಜಗಲಿಯಲ್ಲಿ ಸಾಲಾಗಿ ಇಟ್ಟರು. ನಮ್ಮ ಇನ್ವರ್ಟರಿಗೆ ಯಂತ್ರದ ಮೋಟಾರನ್ನು ತಿರುಗಿಸುವ ತಾಕತ್ತಿಲ್ಲ, ಎರಡು ದೀಪ ಮತ್ತು ಒಂದು ಟಿವಿಗೆ ಮಾತ್ರ ಸಾಲುತ್ತದೆ. ಆದ್ದರಿಂದ ಎರಡು ವರ್ಷಗಳ ನಂತರ ನಮ್ಮ ಮನೆಯಲ್ಲಿ ಮತ್ತೆ, ಮೊದಲಿನಂತೆ, ಅಡಿಕೆ ಸುಲಿಯುತ್ತ ಸಿನಿಮಾ ನೋಡುವ ರಾತ್ರಿಯೊಂದು ಸಿಕ್ಕಿತು.

ನೋಡುವುದು ಎಂದು ಬರೆದೆ, ಆದರೆ ಅದು ಸರಿಯಾದ ಮಾತಲ್ಲ. ಟಿವಿ ಇರುವುದು ನಡುಮನೆಯಲ್ಲಿ, ಸುಲಿಯುವವರು ಕೂರುವುದು ಜಗಲಿಯಲ್ಲಿ. ಕಿಟಕಿಯನ್ನು ಪೂರ್ತಿ ತೆರೆದು ಧ್ವನಿಯನ್ನು ಏರಿಸಿದರೆ ಮಾತೂ ಹಾಡೂ ಹೊರಗೆ ಬರುತ್ತವೆ, ಚಿತ್ರ ಮಾತ್ರ ಒಳಗೇ ಉಳಿಯುತ್ತದೆ. ಕತ್ತಿನ ದಿಕ್ಕು ಬದಲಿಸಿ ಇಣುಕಬಹುದಾದರೂ ಮೆಟ್ಟುಗತ್ತಿಯ ಮುಂದೆ ಕೂತವರು ಅಂಥ ಸಾಹಸ ಮಾಡುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹೊಡೆದಾಟದ ದೃಶ್ಯಕ್ಕಾಗಿ ಹಾಗೆ ತಿರುಗಿ ನೋಡಿದ್ದರ ಗುರುತು ಎಡಗೈಯ ಹೆಬ್ಬೆರಳಿನ ಮೇಲೆ ಇಂದಿಗೂ ಇದೆ. ಹೊಸ ಸಿನಿಮಾ ಬಂದರೆ ಕಣ್ಣು ತಾನಾಗಿ ಪರದೆಯ ಕಡೆ ಓಡುತ್ತದೆ ಎಂಬ ಕಾರಣಕ್ಕೇ ಸುಲಿಯುವ ರಾತ್ರಿಗಳಲ್ಲಿ ಹೊಸ ಸಿನಿಮಾ ಹಾಕಬಾರದೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರು. ಆಗಲೇ ನೋಡಿದ್ದು, ಕಥೆ ಗೊತ್ತಿರುವುದು, ಕಿವಿಗೆ ಬಿದ್ದರೆ ಸಾಕೆನಿಸುವುದು, ಅಂಥವು ಮಾತ್ರ. ನಮ್ಮ ಮನೆಯವರು ಯಾವ ಸಿನಿಮಾಗಳನ್ನು ಇಪ್ಪತ್ತು ಮೂವತ್ತು ಸಲ ಕಂಡಿದ್ದಾರೆ ಎಂಬುದನ್ನು ತೀರ್ಮಾನಿಸಿದ್ದು ಅಭಿರುಚಿಗಿಂತ ಹೆಚ್ಚಾಗಿ ಈ ಮೆಟ್ಟುಗತ್ತಿಯೇ.

ಇಂದು ಯಾವುದೋ ವಾಹಿನಿಯಲ್ಲಿ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ ಬರುತ್ತಿತ್ತು. 1990ರ ಸಿನಿಮಾ. ಪಕ್ಕದ ಮನೆಯಿಂದ ಸುಲಿಯಲು ಬಂದ ದೊಡ್ಡಮ್ಮ, ಕಿಟಕಿಯಿಂದ ಮೊದಲ ಮಾತು ಕೇಳಿದೊಡನೆ, ಮಣೆ ಎಳೆದುಕೊಳ್ಳುತ್ತ, “ರಮಣಮೂರ್ತಿ ವಠಾರವಾ? ಒಳ್ಳೇದಾಯ್ತು” ಎಂದರು. ವಠಾರದ ಮಾಲೀಕ ರಮಣಮೂರ್ತಿಯಾದ ಮುಖ್ಯಮಂತ್ರಿ ಚಂದ್ರು ಅವರ ಗದರಿಕೆಗೆ ದೊಡ್ಡಮ್ಮ ಜಗಲಿಯಿಂದಲೇ ಉತ್ತರ ಕೊಡುತ್ತಾರೆ, ಅನಂತನಾಗ್ ಮುಂದೇನು ಹೇಳುತ್ತಾರೆಂಬುದನ್ನು ಅರ್ಧ ಕ್ಷಣ ಮೊದಲೇ ಹೇಳಿ ನಗುತ್ತಾರೆ, ಕೈ ಮಾತ್ರ ಒಂದು ಅಡಿಕೆಯಷ್ಟೂ ತಪ್ಪುವುದಿಲ್ಲ.

ಈ ಸಿನಿಮಾ ಸುಲಿಯುವ ರಾತ್ರಿಗೆ ಯಾಕೆ ಇಷ್ಟು ಒಗ್ಗುತ್ತದೆ ಎಂದು ಇವತ್ತು ಹೊಳೆಯಿತು. ಅದರ ನಾಯಕನೂ ನಮ್ಮ ಹಾಗೆ ಕಿವಿಯನ್ನು ನಂಬಿದವನು. ರೇಡಿಯೋದಲ್ಲಿ ಹಾಡುವ ಶ್ರುತಿಯ ದನಿಗೆ ಮನಸೋತು ಆಕೆಯನ್ನು ಕಾಣದೆಯೇ ಪ್ರೀತಿಸುತ್ತಾನೆ. ಆ ಶ್ರುತಿಯೇ ತಾನು ದಿನಬೆಳಗಾದರೆ ಜಗಳವಾಡುವ ಮಾಲೀಕನ ಮಗಳು ಆದಿಲಕ್ಷ್ಮಿ ಎಂಬುದು ಅವನ ಕಣ್ಣಿಗೆ ತಿಳಿಯುವುದಿಲ್ಲ. ಮೊದಲ ಸಲ ನೋಡುವವರಿಗೆ ಇದು ಒಂದು ಗುಟ್ಟು, ಹತ್ತನೆಯ ಸಲ ನೋಡುವವರಿಗೆ ಅವರಿಬ್ಬರ ಒಂದೊಂದು ಜಗಳವೂ ಎರಡೆರಡು ಸಲ ನಗಿಸುವ ಜಗಳ. ವಿನಯಾ ಪ್ರಸಾದ್ ಸಿಡುಕಿದಾಗಲೆಲ್ಲ ದೊಡ್ಡಮ್ಮ, “ಅವಳೇ ಕಣೋ ಅವಳು” ಎಂದು ಕಿಟಕಿಯ ಕಡೆ ತಿರುಗದೆಯೇ ನಾಯಕನಿಗೆ ತಿಳಿಹೇಳುತ್ತಿದ್ದರು.

ಮಲೆನಾಡಿನವರಿಗೆ ಇದು ಹೊಸ ಅಭ್ಯಾಸವೇನಲ್ಲ. ಯಕ್ಷಗಾನದ ಆಟಕ್ಕೆ ಹೋಗುವವರಲ್ಲಿ ಪ್ರಸಂಗದ ಕಥೆ ಗೊತ್ತಿಲ್ಲದವರು ಯಾರಿದ್ದಾರೆ? ವೇಷ, ಕುಣಿತ ಯಾವುದೂ ಇಲ್ಲದೆ ಭಾಗವತಿಕೆ ಮತ್ತು ಅರ್ಥ, ಅಂದರೆ ಹಾಡು ಮತ್ತು ಪಾತ್ರಧಾರಿಗಳ ಮಾತು, ಇವುಗಳ ಮೇಲೇ ರಾತ್ರಿ ಕಳೆಯುವ ತಾಳಮದ್ದಲೆಯಂತೂ ಕಿವಿಯ ಆಟವೇ. ನಮ್ಮ ಜಗಲಿಯ ಸಿನಿಮಾ ಒಂದು ಬಗೆಯ ತಾಳಮದ್ದಲೆ ಎಂದು ಅಪ್ಪಯ್ಯನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಅರ್ಥಧಾರಿ ನಿನ್ನೆ ಹೇಳಿದ್ದನ್ನು ಇವತ್ತು ಹೇಳುವುದಿಲ್ಲ, ಸಿನಿಮಾ ಹೇಳಿದ್ದನ್ನೇ ಹೇಳುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ ಎಂದರು. ಅವರ ಮಾತು ನಿಜವೇ, ಆದರೆ ಸಿನಿಮಾ ಬದಲಾಗದ ಕಡೆ ಜಗಲಿಯವರು ಅರ್ಥ ಹೇಳುತ್ತಾರಲ್ಲ ಎಂದು ನನಗೆ ಈಗಲೂ ಅನಿಸುತ್ತಿದೆ.

ಅಪ್ಪಯ್ಯನ ಸಿನಿಮಾ ಬೇರೆ. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ವನ್ನು ಅವರು ಎಷ್ಟು ಸಲ ಕಂಡಿದ್ದಾರೋ ಲೆಕ್ಕವಿಲ್ಲ. 1972ರಲ್ಲಿ ಬಂದ ಈ ಸಿನಿಮಾ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಒಂದೇ ಚಿತ್ರಮಂದಿರವನ್ನು ಎರಡು ವರ್ಷ ತುಂಬಿಸಿದವರಲ್ಲಿ ಮತ್ತೆ ಮತ್ತೆ ಟಿಕೆಟು ಕೊಂಡವರೇ ಬಹಳ ಮಂದಿ ಇರಬೇಕು. ಅದರಲ್ಲಿ ಬರಡು ನೆಲ ಹಸಿರಾಗುವ ಭಾಗ ಬಂದಾಗ ಅಪ್ಪಯ್ಯನ ಕೈ ಚುರುಕಾಗುತ್ತದೆ. ಕೊನೆಯಲ್ಲಿ ನಾಯಕ ರಾಜೀವ ಎಲ್ಲವನ್ನೂ ಬಿಟ್ಟು ನಡೆದುಹೋಗುವ ಹೊತ್ತಿಗೆ ಮಾತ್ರ ಅವರಿಗೆ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟುವ ಕೆಲಸ ತಪ್ಪದೆ ನೆನಪಾಗುತ್ತದೆ. ಒಬ್ಬ ಮನುಷ್ಯ ತಾನು ಮಾಡಿದ ತೋಟವನ್ನು ಹಾಗೆ ಬಿಟ್ಟು ಹೋಗಬಾರದು ಎಂಬುದು ಅವರ ತಕರಾರು. ಮೂವತ್ತು ವರ್ಷದಿಂದ ರಾಜೀವನೊಂದಿಗೆ ಅವರು ರಾಜಿಯಾಗಿಲ್ಲ, ಸಿನಿಮಾ ನೋಡುವುದನ್ನೂ ಬಿಟ್ಟಿಲ್ಲ.

ಅಮ್ಮನಿಗೆ ‘ಕಸ್ತೂರಿ ನಿವಾಸ’. 1971ರ ಈ ಕಪ್ಪುಬಿಳುಪು ಸಿನಿಮಾಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಊರೆಲ್ಲ ಅದೇ ಮಾತಾಡುತ್ತಿದ್ದರೆ, ಅಮ್ಮ, “ನಮಗೆ ಬಣ್ಣ ಯಾತಕ್ಕೆ, ಪಿ.ಬಿ. ಶ್ರೀನಿವಾಸ್ ಕೇಳಿದರೆ ಸಾಕು” ಎಂದು ಸುಮ್ಮನಾಗಿದ್ದರು.

ನನ್ನ ಸಿನಿಮಾ ಈ ಜಗಲಿಯಲ್ಲಿ ನಡೆಯುವುದಿಲ್ಲ. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ನಾನು ಆರೇಳು ಸಲ ನೋಡಿದ್ದೇನೆ, ಎಲ್ಲವನ್ನೂ ಒಬ್ಬನೇ, ಬಾಗಿಲು ಹಾಕಿಕೊಂಡು. ಅನಂತಮೂರ್ತಿಯವರ ಕಥೆಯ ನಾಣಿ ಎಂಬ ಹುಡುಗ ತನಗೆ ಪೂರ್ತಿ ಅರ್ಥವಾಗದ ಸಂಗತಿಗಳನ್ನು ಬಾಗಿಲ ಮರೆಯಿಂದ, ಕತ್ತಲಿನಿಂದ ನೋಡುತ್ತಾನೆ, ಮತ್ತು ಆ ಸಿನಿಮಾದ ಬಹುಪಾಲು ಇರುವುದು ಆ ನೋಟದಲ್ಲಿ. ಒಂದು ಕೊಯ್ಲಿನಲ್ಲಿ ಹಟ ಮಾಡಿ ಅದನ್ನೇ ಹಾಕಿಸಿದ್ದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜಗಲಿಯಿಂದ ಯಾರೋ, “ಟಿವಿ ಕೆಟ್ಟುಹೋಯ್ತಾ?” ಎಂದು ಕೂಗಿದರು. ಅವರನ್ನು ದೂರುವಂತಿಲ್ಲ, ಅದರಲ್ಲಿನ ವಿಧವೆ ಯಮುನಕ್ಕನ ಸಂಕಟ ಕಿಟಕಿಯಿಂದ ಹೊರಗೆ ಬರುವಂಥದ್ದಲ್ಲ. ಅವತ್ತಿನಿಂದ ನಾನು ಮತ್ತೆ ಮತ್ತೆ ನೋಡುವ ಸಿನಿಮಾಗಳನ್ನು ಎರಡು ಮಾಡಿಕೊಂಡಿದ್ದೇನೆ: ಬೆನ್ನು ತಿರುಗಿಸಿ ಕೂತರೂ ಜೊತೆಗಿರುವವು, ಬೆನ್ನು ತಿರುಗಿಸಿದರೆ ಇಲ್ಲವಾಗುವವು. ಎರಡನೆಯದು ಮೇಲು ಎಂದು ಒಂದು ಕಾಲದಲ್ಲಿ ವಾದಿಸುತ್ತಿದ್ದೆ, ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಇವತ್ತು ಒಂಬತ್ತೂ ಮುಕ್ಕಾಲಿಗೆ, ಸಿನಿಮಾ ಇನ್ನೇನು ಮುಗಿಯಬೇಕು ಎನ್ನುವಾಗ, ಕರೆಂಟು ಬಂತು. ಸುಲಿಯುವುದು ಇನ್ನೂ ಮೂರು ಡಬ್ಬದಷ್ಟು ಬಾಕಿ ಇದ್ದುದರಿಂದ ಅಪ್ಪಯ್ಯ ಹಿಂದೆಮುಂದೆ ನೋಡದೆ ಯಂತ್ರದ ಸ್ವಿಚ್ಚು ಹಾಕಿದರು. ಅದರ ಗಡಗಡ ಸದ್ದಿನಲ್ಲಿ ಅನಂತನಾಗ್ ಅವರೂ ಇಲ್ಲ, ಚಂದ್ರು ಅವರೂ ಇಲ್ಲ. ದೊಡ್ಡಮ್ಮ ಯಂತ್ರವನ್ನು ಒಮ್ಮೆ ನೋಡಿ, ಎದ್ದು, ಚೊಗರು ಹತ್ತಿದ ಕೈಯನ್ನು ತೊಳೆದುಕೊಂಡು ನಡುಮನೆಗೆ ಹೋಗಿ ಟಿವಿಯ ಎದುರಿಗೇ ಕೂತರು. ಒಂದು ಮಾತೂ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷ ಕೇಳಿದ ಸಿನಿಮಾವನ್ನು ಅವರು ಬಹುಶಃ ಮೊದಲ ಸಲ ಕಣ್ಣಿನಿಂದ ನೋಡುತ್ತಿದ್ದರು. ನಾನು ಕಾಫಿ ಕೊಡಲು ಹೋದಾಗ ಲೋಟ ತೆಗೆದುಕೊಳ್ಳದೆ, ಪರದೆಯಿಂದ ಕಣ್ಣು ಕೀಳದೆ ಕೇಳಿದರು:

“ವಠಾರ ಇಷ್ಟೇನಾ ತಮ್ಮಾ? ನಾನು ದೇವಸ್ಥಾನದ ಚಂದ್ರಶಾಲೆಯಷ್ಟು ಉದ್ದ ಇದೆ ಅಂದ್ಕೊಂಡಿದ್ದೆ.”